ಪೆನ್ಸಿಲ್ವೇನಿಯಾದಿಂದ ನ್ಯೂಯಾರ್ಕಿಗೆ ಒಂದು ಸಹಿಯ ದೂರ

ಸೂಪರ್ ಮಾರ್ಕೆಟ್ಟಿನಲ್ಲಿ ಕ್ಯಾಷಿಯರ್ ಕೆಲಸ ಮಾಡುವ ಇಬ್ಬರು ಹುಡುಗಿಯರು ಪಾಳಿ ಮುಗಿದ ಮೇಲೆ ಆ ದಿನದ ಹಣವನ್ನು ಒಂದು ಕಿಂಡಿಯೊಳಗೆ ಚಾಚಬೇಕು. ಒಳಗೆ ಕೂತ ಮ್ಯಾನೇಜರನ ಮುಖ ನಮಗೆ ಕಾಣುವುದಿಲ್ಲ. ಹಣ ತೆಗೆದುಕೊಂಡವನು ಕೈ ಬಿಡದೆ ಅದಕ್ಕೆ ಮುತ್ತಿಡುತ್ತಾನೆ. ಹುಡುಗಿಯರು ಕೈ ಎಳೆದುಕೊಂಡು ಮನೆಗೆ ಹೊರಡುತ್ತಾರೆ. ಇದು ಅವರಿಗೆ ಹೊಸದಲ್ಲ ಎಂಬುದು ಮುಖ ನೋಡಿದರೇ ಗೊತ್ತಾಗುತ್ತದೆ.

ಎಲೈಜಾ ಹಿಟ್‌ಮನ್ ಬರೆದು ನಿರ್ದೇಶಿಸಿದ ‘ನೆವರ್ ರೇರ್‌ಲಿ ಸಮ್‌ಟೈಮ್ಸ್ ಆಲ್ವೇಸ್’ ಚಿತ್ರದಲ್ಲಿ ಮುಖ್ಯವಾದದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2020ರ ಜನವರಿಯಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ತೆರೆ ಕಂಡ ಚಿತ್ರ ಮುಂದಿನ ತಿಂಗಳು ಬರ್ಲಿನ್‌ನಲ್ಲಿ ತೀರ್ಪುಗಾರರ ಮಹಾ ಬಹುಮಾನದ ಬೆಳ್ಳಿ ಕರಡಿಯನ್ನು ಗೆದ್ದಿತು. ಮಾರ್ಚಿನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದೇ ತಡ, ಕೊರೊನಾ ಬಂದು ಮಂದಿರಗಳೇ ಮುಚ್ಚಿದವು. ಹಾಗಾಗಿ ಹೆಚ್ಚಿನವರು ಇದನ್ನು ನೋಡಿದ್ದು ಮನೆಯ ಪರದೆಯ ಮೇಲೆ. ಆಸ್ಕರ್ ಹೊತ್ತಿನಲ್ಲಿ ಅಕಾಡೆಮಿಯ ಮತದಾರರೊಬ್ಬರು, ತಾನು ಕ್ರೈಸ್ತ, ಹಲವು ಮಕ್ಕಳ ತಂದೆ, ಆದ್ದರಿಂದ ಇದನ್ನು ನೋಡುವುದೇ ಇಲ್ಲ ಎಂದು ನಿರ್ದೇಶಕಿಗೇ ಬರೆದರು. ನೋಡದೆ ತೀರ್ಪು ಕೊಡುವುದು ಈ ವಿಷಯದಲ್ಲಿ ಹೊಸದೇನಲ್ಲ.

ಕಥೆ ಸಣ್ಣದು. ಪೆನ್ಸಿಲ್ವೇನಿಯಾದ ಒಂದು ಪುಟ್ಟ ಊರಿನ ಆಟಮ್‌ಗೆ 17 ವರ್ಷ. ಬಸುರಿ. ನೆರವು ಕೊಡುತ್ತೇವೆಂದು ಬೋರ್ಡು ಹಾಕಿಕೊಂಡ ಊರಿನ ಕೇಂದ್ರಕ್ಕೆ ಹೋಗುತ್ತಾಳೆ. ಅಲ್ಲಿನ ಪರೀಕ್ಷೆ ಅಂಗಡಿಯಲ್ಲಿ ಸಿಗುವ ಕಿಟ್‌ಗಿಂತ ಬೇರೆಯೇನಲ್ಲ. 10 ವಾರ ಎಂದು ಹೇಳಿ, ಅವಳ ಒಲವು ಎತ್ತ ಎಂದು ಗೊತ್ತಾದ ಕೂಡಲೇ ಗರ್ಭಪಾತ ವಿರೋಧಿ ವಿಡಿಯೊ ಹಾಕಿ ಕೂರಿಸುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ 18 ತುಂಬದವಳಿಗೆ ಗರ್ಭಪಾತ ಮಾಡಬೇಕಾದರೆ ತಂದೆ ತಾಯಿಯಲ್ಲಿ ಒಬ್ಬರ ಒಪ್ಪಿಗೆ ಬೇಕು ಎಂಬುದು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಅವಳಿಗೆ ಗೊತ್ತಾಗುತ್ತದೆ. ವಿಟಮಿನ್ ಸಿ ಮಾತ್ರೆಗಳನ್ನು ನುಂಗುತ್ತಾಳೆ, ತನ್ನ ಹೊಟ್ಟೆಗೆ ತಾನೇ ಗುದ್ದಿಕೊಳ್ಳುತ್ತಾಳೆ. ಕೊನೆಗೆ ಜೊತೆಯಲ್ಲೇ ಕೆಲಸ ಮಾಡುವ ಕಸಿನ್ ಸ್ಕೈಲರ್ ಅದೇ ಅಂಗಡಿಯ ದುಡ್ಡು ಎಗರಿಸುತ್ತಾಳೆ. ಇಬ್ಬರೂ ಬಸ್ಸು ಹತ್ತಿ, ಅಂಥ ಕಾನೂನಿಲ್ಲದ ನ್ಯೂಯಾರ್ಕಿಗೆ ಹೊರಡುತ್ತಾರೆ. ಅಲ್ಲಿ ಹೋದರೆ 10 ವಾರವಲ್ಲ, 18. ಒಂದು ದಿನದಲ್ಲಿ ಮುಗಿಯುವ ಕೆಲಸವೂ ಅಲ್ಲ. ಕ್ಲಿನಿಕ್‌ಗೆ ಕಟ್ಟಿದ ಮೇಲೆ ಊರಿಗೆ ವಾಪಸಾಗಲು ಟಿಕೇಟಿಗೂ ಕಾಸಿಲ್ಲ.

ಚಿತ್ರದ ಬೇರು ಹಿಡಿದು ಹೊರಟರೆ ನಮ್ಮ ಕಡೆಗೇ ಬಂದು ಮುಟ್ಟುತ್ತೇವೆ. 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ದಂತವೈದ್ಯೆ ಸವಿತಾ ಹಾಲಪ್ಪನವರ್ ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಿದ್ದರೂ, ಭ್ರೂಣದ ಎದೆಬಡಿತ ಇನ್ನೂ ಇದೆ ಎಂಬ ಕಾರಣಕ್ಕೆ ಗರ್ಭಪಾತ ಮಾಡಲಿಲ್ಲ. ಅಷ್ಟರಲ್ಲಿ ನಂಜು ಏರಿತು. ಮಗಳನ್ನು ಕಳೆದುಕೊಂಡ ಬೆಳಗಾವಿಯ ತಂದೆ ತಾಯಿಯ ಮುಖ ಕನ್ನಡ ಪತ್ರಿಕೆಗಳ ಓದುಗರಿಗೆ ನೆನಪಿರುತ್ತದೆ. ಆ ಸಾವಿನ ಸುದ್ದಿ ಓದಿಯೇ ಹಿಟ್‌ಮನ್‌ಗೆ ಈ ಕಥೆ ಹೊಳೆದದ್ದು. ಗರ್ಭಪಾತಕ್ಕಾಗಿ ಐರ್ಲೆಂಡಿನಿಂದ ಗುಟ್ಟಾಗಿ ಇಂಗ್ಲೆಂಡಿಗೆ ಹೋಗಿ ಬರುವ ಹೆಂಗಸರ ಬಗ್ಗೆ ಯೋಚಿಸುತ್ತಿದ್ದವರು ಆಮೇಲೆ ಅದೇ ಪ್ರಯಾಣವನ್ನು ತಮ್ಮ ದೇಶದೊಳಗೇ ಕಂಡರು. ಐರ್ಲೆಂಡ್ 2018ರಲ್ಲಿ ಜನಮತ ಕೇಳಿ ಸಂವಿಧಾನವನ್ನೇ ತಿದ್ದಿಕೊಂಡಿತು. ಅಮೆರಿಕ ಸಾಗಿದ್ದು ಎದುರು ದಿಕ್ಕಿಗೆ.

ಒಂದು ಸಹಿಗಾಗಿ ಇಷ್ಟು ದೂರ ಯಾಕೆ ಹೋಗಬೇಕು? ತಾಯಿಯೊಬ್ಬಳ ಒಪ್ಪಿಗೆ ಸಾಕಲ್ಲ, ಆಟಮ್‌ಗೆ ತಾಯಿ ಇದ್ದಾಳಲ್ಲ? ಚಿತ್ರ ಇದಕ್ಕೆ ಮಾತಿನಲ್ಲಿ ಉತ್ತರ ಕೊಡುವುದಿಲ್ಲ. ಶಾಲೆಯ ಕಾರ್ಯಕ್ರಮದಲ್ಲಿ ಆಟಮ್ ಹಾಡುವಾಗ ಹುಡುಗನೊಬ್ಬ ಹೊಲಸು ಮಾತೊಂದನ್ನು ಎಸೆಯುತ್ತಾನೆ. ಹಾಡು ಚೆನ್ನಾಗಿತ್ತು ಎಂದು ಮಗಳಿಗೆ ಒಂದು ಮಾತು ಹೇಳು ಎಂದು ತಾಯಿ ಗಂಡನನ್ನು ಕೇಳಿಕೊಳ್ಳಬೇಕಾಗುತ್ತದೆ. ಆ ಮಲತಂದೆಗೆ ಅಷ್ಟೂ ಬಾಯಿ ಬರುವುದಿಲ್ಲ. ಅದೇ ಮನುಷ್ಯ ಮನೆಯಲ್ಲಿ ಹೆಣ್ಣುನಾಯಿಯ ಹೊಟ್ಟೆ ಸವರುತ್ತ ಅದನ್ನು ಕರೆಯುವುದು ಶಾಲೆಯ ಹುಡುಗ ಕೂಗಿದ್ದ ಅದೇ ಮಾತಿನಿಂದ. ಆಟಮ್ ನೋಡುತ್ತಿರುತ್ತಾಳೆ. ಬಸುರಿಗೆ ಕಾರಣ ಯಾರು ಎಂಬುದನ್ನು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಆದರೆ ಈ ಮನೆಯಲ್ಲಿ ಕೂತು ಈ ಹುಡುಗಿ ಯಾರ ಮುಂದೆ ಬಾಯಿ ತೆರೆಯಬೇಕು ಎಂಬ ಪ್ರಶ್ನೆಗೆ ನಾಯಿಯ ಆ ಒಂದು ದೃಶ್ಯ ಸಾಕು. ತಾಯಿ ಕೆಟ್ಟವಳಲ್ಲ, ಆ ಗಂಡನ ಜೊತೆ ಬಾಳುತ್ತಿರುವವಳು, ಅಷ್ಟೆ. ಗಾಯಕಿ ಶರಾನ್ ವಾನ್ ಎಟ್ಟನ್ ಈ ಪಾತ್ರವನ್ನು ದಣಿದ ಮುಖದಲ್ಲೇ ಮಾಡಿ ಮುಗಿಸಿದ್ದಾರೆ.

ಈಗ ಕಾನೂನಿನ ಕಡೆ ನೋಡೋಣ. ಆಟಮ್‌ಳನ್ನು ಊರು ಬಿಡಿಸಿದ್ದು ಪೆನ್ಸಿಲ್ವೇನಿಯಾದ 1982ರ ಗರ್ಭಪಾತ ನಿಯಂತ್ರಣ ಕಾಯ್ದೆ. ಅದು ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು 1992ರ ಪ್ಲಾನ್ಡ್ ಪೇರೆಂಟ್‌ಹುಡ್ ವಿರುದ್ಧ ಕೇಸಿ ಮೊಕದ್ದಮೆಯಲ್ಲಿ. ಕಾಯ್ದೆಯ ಷರತ್ತುಗಳಲ್ಲಿ ಇಲ್ಲಿ ಮುಖ್ಯವಾದವು ಎರಡು: ಮದುವೆಯಾದವಳು ಗಂಡನಿಗೆ ತಿಳಿಸಿರಬೇಕು, ಅಪ್ರಾಪ್ತೆ ತಂದೆ ಅಥವಾ ತಾಯಿಯ ಒಪ್ಪಿಗೆ ತರಬೇಕು. ಗಂಡನ ಷರತ್ತನ್ನು ಕೋರ್ಟು ಹೊಡೆದುಹಾಕಿತು. ಹೆಂಡತಿಯನ್ನು ಹೊಡೆಯುವ, ಹೆದರಿಸುವ ಗಂಡಂದಿರು ಇದ್ದಾರೆ, ಅಂಥ ಮನೆಯಲ್ಲಿ ತಿಳಿಸು ಎಂದರೆ ಅದು ಗಂಡನ ಕೈಗೆ ವೀಟೊ ಕೊಟ್ಟಂತೆ ಎಂದು ಪುಟಗಟ್ಟಲೆ ಬರೆಯಿತು. ಬಹಳ ಒಳ್ಳೆಯ ಭಾಗ ಅದು. ಆದರೆ ಪೋಷಕರ ಷರತ್ತನ್ನು ಹಾಗೆಯೇ ಉಳಿಸಿತು. ಹೆತ್ತವರ ಜೊತೆ ಮಾತಾಡುವುದರಿಂದ ಮಕ್ಕಳಿಗೆ ಒಳಿತೇ ಆಗುತ್ತದೆ, ಹೆತ್ತವರು ತಮ್ಮ ಹಿತ ಬಯಸುತ್ತಾರೆ ಎಂಬುದು ಎಷ್ಟೋ ಸಲ ಮಕ್ಕಳಿಗೆ ಅರಿವಾಗುವುದಿಲ್ಲ ಎಂದು ಭಾವಿಸುವುದು ಸರಿಯೇ ಎಂದಿತು. ಹೆಂಡತಿಯನ್ನು ಹೊಡೆಯುವ ಗಂಡ ಕೋರ್ಟಿನ ಕಣ್ಣಿಗೆ ಬಿದ್ದ. ಅದೇ ಮನುಷ್ಯ ಅದೇ ಸೂರಿನಡಿ ಒಬ್ಬ ಹುಡುಗಿಗೆ ತಂದೆಯೋ ಮಲತಂದೆಯೋ ಆಗಿರುತ್ತಾನೆ ಎಂಬುದು ಬೀಳಲಿಲ್ಲ.

ನನ್ನ ಮಟ್ಟಿಗೆ ಹಿಟ್‌ಮನ್ ಚಿತ್ರದ ಬೆಲೆ ಇಲ್ಲಿದೆ. ತೀರ್ಪನ್ನು ಅದು ಎಲ್ಲೂ ಎತ್ತುವುದಿಲ್ಲ, ಆದರೂ ಆ ತೀರ್ಪು ನೋಡದೆ ಬಿಟ್ಟ ಮನೆಯೊಳಕ್ಕೆ ಕ್ಯಾಮೆರಾ ಕೊಂಡೊಯ್ಯುತ್ತದೆ.

ಕಾನೂನಿನ ಪರ ಇರುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಗಳ ಮೈಮೇಲೆ ಒಂದು ವೈದ್ಯಕೀಯ ಕ್ರಿಯೆ ನಡೆಯುವಾಗ ತಿಳಿದುಕೊಳ್ಳುವ ಹಕ್ಕು ನಮಗಿಲ್ಲವೇ ಎಂದು ಅಪ್ಪ ಅಮ್ಮ ಕೇಳಿದರೆ ಅದು ಯಾವ ಊರಿನಲ್ಲೂ ನ್ಯಾಯವಾದ ಪ್ರಶ್ನೆಯೇ. ಆದರೆ 1990ರ ದಶಕದ ಆರಂಭದಲ್ಲಿ, ಇಂಥ ಕಾನೂನಿಲ್ಲದ ರಾಜ್ಯಗಳಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ, ಗರ್ಭಪಾತ ಮಾಡಿಸಿಕೊಂಡ ಅಪ್ರಾಪ್ತೆಯರಲ್ಲಿ ಶೇ. 60ರಷ್ಟು ಮಂದಿಯ ವಿಷಯ ಹೆತ್ತವರಲ್ಲಿ ಒಬ್ಬರಿಗಾದರೂ ಗೊತ್ತಿತ್ತು. ಹೇಳಬಲ್ಲವರು ಕಾನೂನಿಲ್ಲದೆಯೂ ಹೇಳುತ್ತಾರೆ. ಕಾನೂನು ಹಿಡಿಯುವುದು ಹೇಳಲಾಗದವರನ್ನು. ಇನ್ನೂ ಒಂದು ವಿಚಿತ್ರವಿದೆ: ಅದೇ ಪೆನ್ಸಿಲ್ವೇನಿಯಾದಲ್ಲಿ ಆಟಮ್ ಮಗುವನ್ನು ಉಳಿಸಿಕೊಳ್ಳುತ್ತೇನೆಂದರೆ ಬಸುರು-ಬಾಣಂತನದ ಚಿಕಿತ್ಸೆಗೆ ಅವಳ ಒಪ್ಪಿಗೆಯೇ ಸಾಕು. ಹೆರಲು ಪ್ರಬುದ್ಧೆ, ಹೆರುವುದಿಲ್ಲ ಎನ್ನಲು ಮಗು.

ಚಿತ್ರದ ಮೇಲೆ ನನ್ನ ದೊಡ್ಡ ಆಕ್ಷೇಪವೂ ಕಾನೂನಿಗೆ ಸಂಬಂಧಿಸಿದ್ದೇ. ಅಮೆರಿಕದ ಕಾನೂನು ಇಂಥ ಹುಡುಗಿಯರಿಗೆ ಒಂದು ಹಿತ್ತಲ ಬಾಗಿಲು ಇಟ್ಟಿತ್ತು. ಪೋಷಕರಿಗೆ ಪೂರ್ತಿ ವೀಟೊ ಕೊಡಕೂಡದು ಎಂದು ಸುಪ್ರೀಂ ಕೋರ್ಟು 1976ರಲ್ಲೇ ಹೇಳಿತ್ತು. 1979ರ ಬೆಲೊಟ್ಟಿ ವಿರುದ್ಧ ಬೇರ್ಡ್ ಪ್ರಕರಣದಲ್ಲಿ, ಹುಡುಗಿ ನ್ಯಾಯಾಧೀಶರ ಮುಂದೆ ಹೋಗಿ ತಾನು ತಿಳಿವಳಿಕೆಯುಳ್ಳವಳು ಎಂದೋ, ಇದೇ ತನಗೆ ಹಿತ ಎಂದೋ ತೋರಿಸಿ ಅನುಮತಿ ಪಡೆಯುವ ದಾರಿ ಇರಬೇಕು ಎಂದಿತು. ಪೆನ್ಸಿಲ್ವೇನಿಯಾದ ಕಾಯ್ದೆಯಲ್ಲೂ ಆ ದಾರಿ ಇದೆ. ಚಿತ್ರ ಮಾತ್ರ ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಆಟಮ್‌ಗೆ ಗೊತ್ತಿರಲಿಲ್ಲ, ಅಂಥ ಊರುಗಳಲ್ಲಿ ಯಾವ ಹುಡುಗಿಗೂ ಗೊತ್ತಿರುವುದಿಲ್ಲ ಎಂದು ಸಮರ್ಥಿಸಬಹುದು. ಆದರೂ ಪ್ರೇಕ್ಷಕನಿಗಾದರೂ ಗೊತ್ತಾಗುವಂತೆ ಒಂದು ದೃಶ್ಯ ಬೇಕಿತ್ತು. ಹಿಟ್‌ಮನ್ ಕೈಗೆ ಅದು ಸಿಕ್ಕಿದ್ದರೆ ಎಂಥ ದೃಶ್ಯವಾಗುತ್ತಿತ್ತು! ಯಾರ ಮುಂದೆಯೂ ಮಾತು ಬಾರದ ಹುಡುಗಿ, ಕಪ್ಪು ಗೌನಿನ ಅಪರಿಚಿತನ ಎದುರು ನಿಂತು ತನ್ನ ಪ್ರಬುದ್ಧತೆಗೆ ಸಾಕ್ಷ್ಯ ಕೊಡಬೇಕು.

ಇದು ಬರೀ ಕಲ್ಪನೆಯಲ್ಲ. 2022ರ ಜನವರಿಯಲ್ಲಿ ಫ್ಲೋರಿಡಾದ ನ್ಯಾಯಾಧೀಶರೊಬ್ಬರು 17 ವರ್ಷದ ಹುಡುಗಿಯ ಅರ್ಜಿ ತಳ್ಳಿಹಾಕುವಾಗ ಅವಳ ಶಾಲೆಯ ಅಂಕಗಳನ್ನು ಎತ್ತಿ ಆಡಿದರು. ತಾನು ಓದಿನಲ್ಲಿ ಇಂತಿಷ್ಟು ಎಂದು ಅವಳು ಹೇಳಿದ್ದಕ್ಕೂ ಅಂಕಪಟ್ಟಿಗೂ ತಾಳೆಯಾಗಲಿಲ್ಲವಂತೆ. ಮೇಲಿನ ಕೋರ್ಟು ಆ ಆದೇಶವನ್ನು ರದ್ದು ಮಾಡಿತು, ನಿಜ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ, ಅದೇ ರಾಜ್ಯದಲ್ಲಿ, ಹೆತ್ತವರಿಲ್ಲದ 16 ವರ್ಷದ ಹುಡುಗಿಗೆ ನಿರ್ಧರಿಸುವಷ್ಟು ಪ್ರಬುದ್ಧತೆ ಇದೆಯೆಂದು ಸಾಬೀತಾಗಿಲ್ಲ ಎಂಬ ಆದೇಶವನ್ನು ಮೇಲ್ಮನವಿ ಕೋರ್ಟು ಎತ್ತಿಹಿಡಿಯಿತು. ಅಂಕಪಟ್ಟಿಯಲ್ಲಿ ಸೋತವಳು ಮಗು ಸಾಕುವುದರಲ್ಲಿ ಪಾಸಾಗುತ್ತಾಳೆಯೇ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ.

ಚಿತ್ರದ ಹೆಸರು ಬಂದದ್ದು ಒಂದು ಪ್ರಶ್ನಾವಳಿಯಿಂದ. ನ್ಯೂಯಾರ್ಕಿನ ಕ್ಲಿನಿಕ್ಕಿನಲ್ಲಿ ಆಪ್ತಸಲಹೆಗಾರ್ತಿ ಪ್ರಶ್ನೆ ಕೇಳುತ್ತಾಳೆ, ಆಟಮ್ ಎಂದೂ ಇಲ್ಲ, ಅಪರೂಪಕ್ಕೆ, ಕೆಲವು ಸಲ, ಯಾವಾಗಲೂ ಎಂಬ ನಾಲ್ಕರಲ್ಲಿ ಒಂದನ್ನು ಹೇಳಬೇಕು. ಆ ಸಲಹೆಗಾರ್ತಿಯ ಪಾತ್ರ ಮಾಡಿದ ಕೆಲ್ಲಿ ಚಾಪ್ಮನ್ ನಿಜಜೀವನದಲ್ಲೂ ಅದೇ ಕೆಲಸ ಮಾಡಿದವರು. ಹೆಲೆನ್ ಲೂವಾರ್ 16 ಎಂಎಂ ಫಿಲ್ಮಿನಲ್ಲಿ ಚಿತ್ರೀಕರಿಸಿದ ಈ ದೃಶ್ಯದಲ್ಲಿ ಕ್ಯಾಮೆರಾ ಹುಡುಗಿಯ ಮುಖ ಬಿಟ್ಟು ಕದಲುವುದಿಲ್ಲ. ಮೊದಮೊದಲು ಕಾಯಿಲೆ-ಅಲರ್ಜಿಗಳ ಪ್ರಶ್ನೆ, ಫಾರ್ಮು ತುಂಬಿಸಿದ ಹಾಗೆ ಉತ್ತರ. ಆಮೇಲೆ ಸಂಗಾತಿ ಹೊಡೆದಿದ್ದಾನೆಯೇ, ಬಲವಂತ ಮಾಡಿದ್ದಾನೆಯೇ ಎಂದು ಬರುತ್ತದೆ. ಉತ್ತರ ತಡವಾಗುತ್ತದೆ, ಕಣ್ಣು ಪಕ್ಕಕ್ಕೆ ಜಾರುತ್ತದೆ, ನಕ್ಕಂತೆ ಮಾಡಿದ ತುಟಿ ಅರ್ಧದಲ್ಲೇ ಮುರಿಯುತ್ತದೆ. ಇದು ಆಟಮ್ ಪಾತ್ರ ಮಾಡಿದ ಸಿಡ್ನಿ ಫ್ಲಾನಿಗನ್‌ರ ಮೊದಲ ಸಿನಿಮಾ ಎಂಬುದನ್ನು ನಂಬುವುದು ಕಷ್ಟ. ಊರಿನಲ್ಲಿ ಒಪ್ಪಿಗೆ ಕೇಳಿದ ಕಾನೂನು ಹುಡುಗಿಯನ್ನೇ ಏನೂ ಕೇಳಿರಲಿಲ್ಲ. ನಿನಗೆ ಏನಾಯಿತು ಎಂದು ಅವಳನ್ನು ಕೇಳಿದ ಮೊದಲ ದೊಡ್ಡವಳು ಈ ಅಪರಿಚಿತೆ, ಅದೂ ಮುದ್ರಿತ ಪ್ರಶ್ನಾವಳಿ ಹಿಡಿದು.

ಉಳಿದಂತೆ ಕೊರತೆಗಳಿವೆ. ಗಂಡಸರೆಲ್ಲ ಒಂದೇ ಅಚ್ಚು: ಮ್ಯಾನೇಜರ್, ಮಲತಂದೆ, ಬಸ್ಸಿನಲ್ಲಿ ಗಂಟುಬಿದ್ದ ಜಾಸ್ಪರ್. ಜಾಸ್ಪರ್ ಮಾತ್ರ ಸ್ವಲ್ಪ ಬೇರೆ. ದುಡ್ಡು ಕೊಡುತ್ತಾನೆ, ಬದಲಿಗೆ ಏನು ಬೇಕೆಂದು ಬಾಯಿಬಿಟ್ಟು ಕೇಳುವುದಿಲ್ಲ, ತೆಗೆದುಕೊಳ್ಳುತ್ತಾನೆ. ಸ್ಕೈಲರ್ ಅವನಿಗೆ ಮುತ್ತು ಕೊಡುವಾಗ ಕಂಬದ ಹಿಂದಿನಿಂದ ಆಟಮ್ ಅವಳ ಕಿರುಬೆರಳನ್ನು ಹಿಡಿದುಕೊಳ್ಳುವುದನ್ನು ಹಲವು ವಿಮರ್ಶಕರು ಹೊಗಳಿದ್ದಾರೆ; ನನಗೆ ಅದು ತುಸು ಜೋಡಿಸಿಟ್ಟಂತೆ ಕಂಡಿತು. ಅದಕ್ಕಿಂತ ಆ ದೊಡ್ಡ ಸೂಟ್‌ಕೇಸು ಮೇಲು. ಸಬ್‌ವೇ ಮೆಟ್ಟಿಲುಗಳ ಮೇಲೆ ಅದನ್ನು ಏರಿಸಿ ಇಳಿಸಿ ಸುಸ್ತಾದ ಹುಡುಗಿಯರಲ್ಲಿ ಯಾರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅದೇ ವರ್ಷ ಬಂದ ‘ಅನ್‌ಪ್ರೆಗ್ನೆಂಟ್’ ಇದೇ ವಿಷಯವನ್ನು ತಮಾಷೆಯ ರೋಡ್ ಮೂವಿ ಮಾಡಿತು. ಮಿಸ್ಸೂರಿಯ ಹುಡುಗಿ ಗೆಳತಿಯ ಜೊತೆ ಕಾರಿನಲ್ಲಿ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಗೆ ಹೋಗುತ್ತಾಳೆ. ನಗಿಸುತ್ತದೆ, ಮರೆತುಹೋಗುತ್ತದೆ.

2022ರ ಜೂನ್ 24ರಂದು ಸುಪ್ರೀಂ ಕೋರ್ಟಿನ ಡಾಬ್ಸ್ ತೀರ್ಪು ಬಂದು ಗರ್ಭಪಾತದ ಸಾಂವಿಧಾನಿಕ ಹಕ್ಕೇ ಹೋಯಿತು. ಅದಾದ ಮೇಲೆ ಚಿತ್ರವನ್ನು ಮತ್ತೆ ನೋಡಿದರೆ ಕೆಲವು ಸಂಗತಿಗಳ ಅರ್ಥವೇ ಬದಲಾಗಿದೆ. ಪೆನ್ಸಿಲ್ವೇನಿಯಾದಲ್ಲಿ ಹಳೆಯ ನಿಯಮವೇ ಉಳಿದಿದೆ. ಇಲಿನಾಯ್ ಪೋಷಕರಿಗೆ ತಿಳಿಸುವ ಕಾನೂನನ್ನು ಆ ತಿಂಗಳ ಮೊದಲ ದಿನದಿಂದಲೇ ಕೈಬಿಟ್ಟಿತ್ತು. ಮಸಾಚುಸೆಟ್ಸ್ ಇನ್ನೂ ಮೊದಲೇ ಒಪ್ಪಿಗೆಯ ವಯಸ್ಸನ್ನು 18ರಿಂದ 16ಕ್ಕೆ ಇಳಿಸಿತ್ತು. ಐಡಹೊ ರಾಜ್ಯ ಮಾತ್ರ 2023ರಲ್ಲಿ, ಪೋಷಕರಿಂದ ಮುಚ್ಚಿಟ್ಟು ಅಪ್ರಾಪ್ತೆಯೊಬ್ಬಳನ್ನು ಗರ್ಭಪಾತಕ್ಕೆ ಕರೆದೊಯ್ಯುವ, ಉಳಿಯಲು ಜಾಗ ಕೊಡುವ ವಯಸ್ಕರಿಗೆ 2ರಿಂದ 5 ವರ್ಷ ಜೈಲು ಎಂದು ಕಾನೂನು ಮಾಡಿತು. ಒಂಬತ್ತನೇ ಸರ್ಕ್ಯೂಟ್ ಕೋರ್ಟು 2024ರ ಡಿಸೆಂಬರಿನಲ್ಲಿ ಅದರ ಒಂದು ಭಾಗವನ್ನು ತಡೆದರೂ ಕರೆದೊಯ್ಯುವುದು ಮತ್ತು ಆಶ್ರಯ ಕೊಡುವುದನ್ನು ಅಪರಾಧವಾಗಿಯೇ ಉಳಿಸಿತು. ಟೆನೆಸಿ ಕೂಡ ಅದೇ ಜಾಡಿನಲ್ಲಿ ಕಾನೂನು ತಂದಿತು. ಚಿಕ್ಕಮ್ಮನೋ, ಅಕ್ಕನೋ, ಪಕ್ಕದ ಮನೆಯವಳೋ ಹುಡುಗಿಯನ್ನು ಬಸ್ಸು ಹತ್ತಿಸುವ ಮೊದಲು ಇನ್ನು ಲೆಕ್ಕ ಹಾಕಬೇಕು. ಇದೇ ಚಿತ್ರವನ್ನು ಈಗ ಐಡಹೊದಲ್ಲಿಟ್ಟು ತೆಗೆಯುವುದಾದರೆ, ಸ್ಕೈಲರ್‌ಗೆ 17 ಇರಬೇಕೋ 18 ಇರಬೇಕೋ ಎಂಬುದನ್ನು ಚಿತ್ರಕಥೆ ಬರೆಯುವವರು ಮೊದಲು ವಕೀಲರ ಹತ್ತಿರ ಕೇಳಿಕೊಂಡು ಬರಬೇಕಾಗುತ್ತದೆ.