ಲೆಕ್ಕಕ್ಕೆ ಸಿಗದ ಮನೆವಾರ್ತೆ: ಶಾಲಾ ಅರ್ಥಶಾಸ್ತ್ರದ ಒಂದು ಸ್ತ್ರೀವಾದಿ ಓದು

ಕೇರಳದ ಹೈಯರ್ ಸೆಕೆಂಡರಿ ತರಗತಿಗಳಲ್ಲಿ ಬಳಕೆಯಲ್ಲಿರುವ ಎನ್.ಸಿ.ಇ.ಆರ್.ಟಿ.ಯ ಅರ್ಥಶಾಸ್ತ್ರ ಪಠ್ಯಗಳು ಮಹಿಳೆಯರ ದುಡಿಮೆಯನ್ನು ಮರೆತಿವೆ ಎನ್ನುವಂತಿಲ್ಲ. ಅದನ್ನು ಎಲ್ಲಿ, ಹೇಗೆ ನೆನೆಯುತ್ತವೆ ಎಂಬುದೇ ಇಲ್ಲಿಯ ವಿಚಾರ.

ಭಾರತದ ಆರ್ಥಿಕ ಅಭಿವೃದ್ಧಿಯನ್ನು ಕುರಿತ ಹನ್ನೊಂದನೆಯ ತರಗತಿಯ ಪುಸ್ತಕವು, ರಾಷ್ಟ್ರೀಯ ಉತ್ಪನ್ನಕ್ಕೆ ಕೊಡುಗೆ ನೀಡುವುದೇ ಆರ್ಥಿಕ ಚಟುವಟಿಕೆ, ಅದರಲ್ಲಿ ತೊಡಗಿದವರೇ ಕೆಲಸಗಾರರು ಎಂದು ಮೊದಲು ವ್ಯಾಖ್ಯಾನಿಸುತ್ತದೆ. ಅಡುಗೆ, ನೀರು, ಸೌದೆಗಳಲ್ಲಿ ದಿನ ಸವೆಸುವ ಮಹಿಳೆಯರು ಇದರಿಂದ ಹೊರಗುಳಿಯುವುದನ್ನು ಅನಂತರ ಒಪ್ಪಿಕೊಂಡು, ಅವರನ್ನೂ ಕೆಲಸಗಾರರೆನ್ನಬೇಕೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗೇ ಬಿಡುತ್ತದೆ. ಹನ್ನೆರಡನೆಯ ತರಗತಿಯ ಸಮಗ್ರ ಅರ್ಥಶಾಸ್ತ್ರದಲ್ಲಿ ಇದೇ ದುಡಿಮೆ ರಾಷ್ಟ್ರೀಯ ಆದಾಯದ ಅಧ್ಯಾಯದ ಕೊನೆಗೆ, ಒಟ್ಟು ದೇಶೀಯ ಉತ್ಪನ್ನದ ಮಿತಿಗಳಲ್ಲೊಂದಾಗಿ, ವಸ್ತುವಿನಿಮಯದ ಪಕ್ಕದಲ್ಲಿ ಬರುತ್ತದೆ. ಆದರೆ ವಸ್ತುವಿನಿಮಯದಲ್ಲಿ ಕೊಟ್ಟವರಿಗೆ ಪ್ರತಿಯಾಗಿ ಒಂದು ವಸ್ತು ದೊರೆಯುತ್ತದೆ. ಅಡುಗೆಮನೆಯ ದುಡಿಮೆಗೆ ಈ ಹೋಲಿಕೆ ಸಲ್ಲದು.

ಉಪ್ಪಳದ ತರಗತಿಯಲ್ಲಿ ಈ ವ್ಯಾಖ್ಯಾನದ ಬಿರುಕು ಬೇಗ ಕಾಣುತ್ತದೆ. ಇಲ್ಲಿಯ ತುಳು, ಕನ್ನಡ, ಮಲಯಾಳ ಮನೆಗಳಿಗೆ ಬೀಡಿ ಕಟ್ಟುವ ಕೆಲಸ ಅಪರಿಚಿತವಲ್ಲ. ಜಗಲಿಯಲ್ಲಿ ಕುಳಿತು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುವಾಕೆಗೆ ಸಾವಿರ ಬೀಡಿಗೆ ಇಷ್ಟೆಂದು ಮಜೂರಿ ಇದೆ. ಆ ದುಡಿಮೆ ರಾಷ್ಟ್ರೀಯ ಆದಾಯಕ್ಕೆ ಸೇರುತ್ತದೆ. ಅನ್ನ ಬಸಿಯಲು, ಮಗುವನ್ನು ಮಲಗಿಸಲು ಆಕೆ ಒಳಗೆ ಹೋದರೆ ಆ ಹೊತ್ತು ಲೆಕ್ಕದಿಂದ ಬಿಟ್ಟುಹೋಗುತ್ತದೆ. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯು ಮನೆಯಲ್ಲೇ ಬೀಡಿ ಕಟ್ಟುವವರನ್ನೂ ನೌಕರರೆಂದು ಗುರುತಿಸಿತು. ಹೊಸ್ತಿಲು ದಾಟಿ ಒಳಗಿನ ದುಡಿಮೆಯನ್ನು ಕಾಣಲು ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ.

ಬಿಟ್ಟುಹೋಗುವ ಹೊತ್ತು ಅಲ್ಪವೇನಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸಿದರು.

ಈ ದುಡಿಮೆಗೆ ರೂಪಾಯಿಯ ಬೆಲೆ ಕಟ್ಟಿದರೆ ಸಾಕೇ? ರಾಷ್ಟ್ರೀಯ ಲೆಕ್ಕಪತ್ರ ಪದ್ಧತಿಯನ್ನು ಮೆರಿಲಿನ್ ವೇರಿಂಗ್ 1988ರಲ್ಲಿ ಗ್ರಂಥರೂಪದಲ್ಲಿ ಪ್ರಶ್ನಿಸಿದಂದಿನಿಂದ ಈ ಚರ್ಚೆ ಬೆಳೆಯುತ್ತಲೇ ಇದೆ. ಬೆಲೆ ಕಟ್ಟುವುದರಿಂದ ಮನೆಗೆಲಸ ಹೆಣ್ಣಿನದೇ ಎಂಬ ಹಂಚಿಕೆ ಇನ್ನಷ್ಟು ಗಟ್ಟಿಯಾದೀತೆಂಬ ಆಕ್ಷೇಪ ತೂಕದ್ದು. ಆದುದರಿಂದ ಶಾಲೆಯಲ್ಲಿ ಬೆಲೆಗಿಂತ ಮೊದಲು ಸಮಯವನ್ನು ಎಣಿಸುವುದು ಲೇಸು. ಸಮಯ ಎಣಿಸಿದಾಗ ಯಾರು ದುಡಿದರು, ಯಾರಿಗೆ ಬಿಡುವು ದೊರೆಯಿತು ಎಂಬೆರಡೂ ಒಂದೇ ಪುಟದಲ್ಲಿ ಕಾಣುತ್ತವೆ.

ಕನ್ನಡದಲ್ಲಿ ಪಾಠ ಹೇಳುವವರಿಗೆ ಇಲ್ಲಿ ಇನ್ನೊಂದು ಹೊಣೆಯಿದೆ. ಇಂಗ್ಲಿಷಿನ ‘ಇಕಾನಮಿ’ಯ ಗ್ರೀಕ್ ಮೂಲಕ್ಕೆ ಮನೆಯ ನಿರ್ವಹಣೆ ಎಂದೇ ಅರ್ಥ. ಕೌಟಿಲ್ಯನಲ್ಲಿ ಕೃಷಿ, ಪಶುಪಾಲನೆ, ವಾಣಿಜ್ಯಗಳಿಗೆ ‘ವಾರ್ತಾ’ ಎಂಬ ಹೆಸರು. ನಮ್ಮ ‘ಮನೆವಾರ್ತೆ’ಯಲ್ಲಿ ಆ ಶಬ್ದ ಇಂದಿಗೂ ಕೇಳಿಸುತ್ತದೆ. ಇಂಥ ಪದ ಕೈಯಲ್ಲಿರುವಾಗ ಮನೆಗೆಲಸವನ್ನು ‘ಆರ್ಥಿಕೇತರ’ ಎಂದು ಅನುವಾದಿಸಿ ಮುಂದೆ ಹೋದರೆ, ಪರಿಭಾಷೆಯೊಡನೆ ಅದರ ಪೂರ್ವಗ್ರಹವನ್ನೂ ಕನ್ನಡಕ್ಕೆ ತಂದಂತಾಗುತ್ತದೆ.

ಪಠ್ಯ ಬದಲಾಗುವವರೆಗೆ ಕಾಯಬೇಕಾಗಿಲ್ಲ. ರಾಷ್ಟ್ರೀಯ ಆದಾಯದ ಪಾಠಕ್ಕೆ ಮೊದಲು ಹುಡುಗರೂ ಹುಡುಗಿಯರೂ ತಮ್ಮ ಮನೆಯ ಒಂದು ದಿನದ ದುಡಿಮೆಯನ್ನು, ತಮ್ಮದನ್ನೂ ಸೇರಿಸಿ, ಗಂಟೆಗಂಟೆಗೆ ಬರೆದು ತರಲಿ. ಕೆಲಸಗಾರರು ಯಾರು ಎಂಬ ವ್ಯಾಖ್ಯಾನವನ್ನು ಆಮೇಲೆ ಓದಲಿ. ಆಗ ಪುಸ್ತಕ ಬಿಟ್ಟುಕೊಟ್ಟ ಪ್ರಶ್ನೆಗೆ ಉತ್ತರಿಸಲು ಅವರ ಬಳಿ ಸ್ವಂತ ಆಧಾರವಿರುತ್ತದೆ.