ಗೆಲ್ಲುವ ನರಿ, ಸೋಲಲೇಬೇಕಾದ ನರಿ

ಪಂಚತಂತ್ರದ ಮೊದಲ ತಂತ್ರದಲ್ಲಿ ಗೆಲ್ಲುವುದು ದಮನಕ. ಸಿಂಹ ಪಿಂಗಳಕನಿಗೂ ಎತ್ತು ಸಂಜೀವಕನಿಗೂ ಬೆಳೆದ ಗೆಳೆತನವನ್ನು ಆ ನರಿ ಬರೀ ಚಾಡಿಯಿಂದ ಒಡೆಯುತ್ತದೆ. ಎತ್ತು ಸಾಯುತ್ತದೆ, ಸಿಂಹ ಒಂದಿಷ್ಟು ಮರುಗಿ ಸುಮ್ಮನಾಗುತ್ತದೆ, ನರಿಯ ಮಂತ್ರಿಗಿರಿ ಭದ್ರವಾಗುತ್ತದೆ. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫ ಇದನ್ನು ಅರಬ್ಬಿಗೆ ತಂದಾಗ, ನರಿಯನ್ನು ವಿಚಾರಣೆಗೆ ಎಳೆದು ಶಿಕ್ಷೆ ಕೊಡಿಸುವ ಅಧ್ಯಾಯವೊಂದು ಹೊಸದಾಗಿ ಸೇರಿಕೊಂಡಿತು. ಮಕ್ಕಳಿಗೆಂದು ಪ್ರಾಣಿಕತೆ ಹೇಳುವವರು ಇವತ್ತಿಗೂ ಆ ಅಧ್ಯಾಯವನ್ನೇ ಮತ್ತೆ ಮತ್ತೆ ಬರೆಯುತ್ತಿದ್ದಾರೆ.

ನಮ್ಮ ದುರ್ಗಸಿಂಹನಿಗೆ ಆ ತಾಪತ್ರಯ ಇರಲಿಲ್ಲ. 1031ರ ಸುಮಾರಿಗೆ, ವಿಷ್ಣುಶರ್ಮನನ್ನು ಬಿಟ್ಟು ವಸುಭಾಗಭಟ್ಟನ ಪಾಠ ಹಿಡಿದು ಕನ್ನಡದಲ್ಲಿ ಪಂಚತಂತ್ರವನ್ನು ಚಂಪೂವಾಗಿ ಬರೆದ ಆತ ಚಾಲುಕ್ಯ ಜಗದೇಕಮಲ್ಲನ ಸಂಧಿವಿಗ್ರಹಿ. ಚಾಡಿಕೋರರ ನಡುವೆಯೇ ಬಾಳಿದವನು, ಓದುಗರೂ ಆಸ್ಥಾನದವರೇ.

ಇವೇ ಕತೆಗಳನ್ನು ದೇಶದ ಮಕ್ಕಳಿಗೆಲ್ಲ ಬಣ್ಣದ ಚಿತ್ರಗಳಲ್ಲಿ ಹಂಚಿದ ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. 1967ರಲ್ಲಿ ‘ಅಮರ ಚಿತ್ರ ಕಥೆ’, 1980ರಲ್ಲಿ ‘ಟಿಂಕಲ್’. ಎರಡೂ ಸೇರಿ ಒಂದು ಪಂಥವನ್ನೇ ಕಟ್ಟಿದವು. ಅಜ್ಜಿಯಿಲ್ಲದ ಫ್ಲ್ಯಾಟಿನ ಮಗುವಿಗೂ ಜಾತಕದ ಮಂಗ, ಹಿತೋಪದೇಶದ ಕಾಗೆ ಸಿಕ್ಕವು. ಇದನ್ನು ಹಗುರವಾಗಿ ಕಾಣುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಆದರೆ ಅಪ್ರಿಯವಾದ ಸತ್ಯವನ್ನು ಆಡಬಾರದೆಂಬ ಸುಭಾಷಿತವನ್ನು ಪೈ ನೆಚ್ಚಿಕೊಂಡಿದ್ದರು, ಅದಕ್ಕೆ ತೆತ್ತ ಬೆಲೆಯೂ ಇದೆ. ಟಿಂಕಲ್‌ನ ಕಾಗೆ ಕಾಲಿಯಾನ ಕಾಡಿನಲ್ಲಿ ಚಮಟಕ ನರಿಯೂ ಡೂಬ್ ಡೂಬ್ ಮೊಸಳೆಯೂ ಹೊಂಚು ಹಾಕುತ್ತಲೇ ಇರುತ್ತವೆ, ಸೋಲುತ್ತಲೇ ಇರುತ್ತವೆ. ನಗು ಬರುತ್ತದೆ, ಭಯ ಬರುವುದಿಲ್ಲ. ನರಿ ಗೆದ್ದರೆ ಮಗು ಕೆಟ್ಟೀತು ಎನ್ನುವ ಹೆತ್ತವರಿಗೆ ಒಂದು ಮಾತು: ಮೂರನೆಯ ಕ್ಲಾಸಿನ ಹೊತ್ತಿಗೆ, ಟೀಚರಿಗೆ ಚಾಡಿ ಹೇಳಿ ಮುಂದಿನ ಬೆಂಚು ಗಿಟ್ಟಿಸಿದ ಒಬ್ಬನನ್ನಾದರೂ ಮಗು ಕಂಡಿರುತ್ತದೆ. ಅವನ ಬಗ್ಗೆ ಬಾಯಿ ಬಿಡದ ಕತೆಯನ್ನು ಅದು ಯಾಕಾಗಿ ನಂಬಬೇಕು?

ವಿಚಿತ್ರವೆಂದರೆ ಪೈ ಹುಟ್ಟಿದ ಸೀಮೆಯಲ್ಲೇ ಪ್ರಾಣಿಗಳು ಇಷ್ಟು ಸಾಧುವಲ್ಲ. ಎರಡು ವರ್ಷಕ್ಕೊಮ್ಮೆ ಕಾಪುವಿನಲ್ಲಿ ಪಿಲಿಕೋಲ ನಡೆಯುತ್ತದೆ. ಹುಲಿಬಣ್ಣ ಹೊತ್ತ ದೈವ ಜನರನ್ನು ಅಟ್ಟಿಸಿಕೊಂಡು ಬರುತ್ತದೆ. ಅದರ ಕೈಗೆ ಸಿಕ್ಕವನಿಗೆ ಆಯುಷ್ಯವಿಲ್ಲವೆಂಬ ನಂಬಿಕೆ, ಹಾಗಾಗಿ ಓಟ ತಮಾಷೆಯದಲ್ಲ. ಹಂದಿದೈವ ಪಂಜುರ್ಲಿಯದು ಇನ್ನೂ ಸ್ವಾರಸ್ಯದ ಕತೆ. ಕೈಲಾಸದಲ್ಲಿ ಪಾರ್ವತಿ ಮುದ್ದಿನಿಂದ ಸಾಕಿದ ಹಂದಿ ತೋಟ ಹಾಳುಮಾಡಿ ಶಿವನ ಸಿಟ್ಟಿಗೆ ಗುರಿಯಾಗಿ ಭೂಮಿಗಿಳಿಯಿತೆಂದು ತುಳು ಜನಪದ ಹಾಡಾದ ಪಾಡ್ದನದ ಒಂದು ಪಾಠ ಹೇಳುತ್ತದೆ. ಗದ್ದೆ ಅಗೆಯುವ ಹಂದಿಯೇ ಗದ್ದೆ ಕಾಯುವ ದೈವ! ಹಂದಿ ಬುದ್ಧಿ ಕಲಿತು ಒಳ್ಳೆಯದಾಯಿತೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಅದಕ್ಕೆ ಸಲ್ಲುವ ಪಾಲು ಸಲ್ಲಬೇಕು, ಅಷ್ಟೇ. ಕೊನೆಯಲ್ಲಿ ‘ನೀತಿ’ ಎಂಬ ಚೌಕವಿರುವ ಪುಸ್ತಕಕ್ಕೆ ಈ ಒಪ್ಪಂದದ ಲೆಕ್ಕ ಹತ್ತುವುದೇ ಇಲ್ಲ.

ಹಾಗೆಂದು ಕೋಲವನ್ನು ತಂದು ಮಕ್ಕಳ ಪುಸ್ತಕದಲ್ಲಿ ಕಟ್ಟಿಹಾಕಬೇಕೆಂದಲ್ಲ. ನಡುವಿನ ದಾರಿಯೊಂದನ್ನು ಬಂಟ್ವಾಳದ ಪಂಜೆ ಮಂಗೇಶರಾಯರು (1874–1937) ಮೊದಲೇ ಹಾಕಿಕೊಟ್ಟಿದ್ದರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಲ್ಲರೂ ಬಲ್ಲ ಸರಪಳಿ ಕತೆ. ಪ್ರಶ್ನೆ ಸಿಗಡಿಯಿಂದ ಹುಲ್ಲಿಗೆ, ಹುಲ್ಲಿನಿಂದ ದನಕ್ಕೆ ದಾಟುತ್ತ ಇರುವೆಯವರೆಗೆ ಹೋಗುತ್ತದೆ. ಪ್ರತಿಯೊಬ್ಬರಿಗೂ ಒಂದು ಕಾರಣವಿದೆ, ತಪ್ಪೊಪ್ಪಿಕೊಳ್ಳುವವರು ಯಾರೂ ಇಲ್ಲ. ಕರಾವಳಿಯ ಬಿಸಿಲು, ಒಣಮೀನಿನ ವಾಸನೆ, ಅಜ್ಜಿಯ ಅಡುಗೆಮನೆ ಎಲ್ಲವೂ ಆ ಪುಟ್ಟ ಕತೆಯೊಳಗಿವೆ. ಉಪದೇಶ ಮಾತ್ರ ಇಲ್ಲ. ಅಮರ ಚಿತ್ರ ಕಥೆಯ ಹತ್ತು ಪ್ರಾಣಿಕತೆಗಳಿಗಿಂತ ಇದೊಂದನ್ನೇ ನಾನು ಮೇಲಿಡುತ್ತೇನೆ.

ಮಕ್ಕಳಿಗಾಗಿ ಬರೆಯುವ ಈಗಿನವರು ಪಂಜೆಯವರನ್ನು ಹೊಗಳುತ್ತಾರೆ, ಅನುಸರಿಸುವುದು ಪೈಯವರನ್ನು. ಸಾಮಗ್ರಿಗೇನೂ ಬರವಿಲ್ಲ. ಕು.ಶಿ. ಹರಿದಾಸ ಭಟ್ಟರು ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಈ ನೆಲದ ಪಾಡ್ದನ, ಕುಣಿತಗಳನ್ನು ದಾಖಲಿಸಿದೆ. ಆರು ಸಂಪುಟಗಳ ತುಳು ನಿಘಂಟು ಅದೇ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದ ಕೆಲಸ. ಅಲ್ಲಿಂದ ಮಣಿಪಾಲಕ್ಕೆ, ಮಕ್ಕಳ ಪತ್ರಿಕೆ ‘ತುಂತುರು’ ಹೊರಡುವ ಊರಿಗೆ, ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಆದರೂ ಇಲ್ಲಿನ ಮಗುವಿಗೆ ಸಿಗುವ ಹಂದಿ ಇಂಗ್ಲಿಷಿನ ಮೂರು ಹಂದಿಮರಿಗಳಲ್ಲೊಂದು, ಇಟ್ಟಿಗೆಮನೆಯದು.