ಪಕ್ಷನಿಷ್ಠೆ ಮತ್ತು ಅಂತಃಸಾಕ್ಷಿ: ಒಂದು ಮತದಾನದ ದಾಖಲೆಯ ವಿಮರ್ಶೆ

ಶಾಸನಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಸದಸ್ಯನಿಗೆ ಖಾತೆಯಿಲ್ಲ, ಅಧಿಕಾರವಿಲ್ಲ. ಅವನ ಕೈಯಲ್ಲಿರುವುದು ಒಂದು ಮತ ಮಾತ್ರ. ಆ ಮತ ಅವನದೋ, ಅವನಿಗೆ ಟಿಕೆಟ್ ಕೊಟ್ಟ ಪಕ್ಷದ್ದೋ, ಅವನನ್ನು ಆರಿಸಿ ಕಳುಹಿಸಿದ ಜನರದ್ದೋ ಎಂಬುದು ರಾಜನೀತಿಯಷ್ಟೇ ಧರ್ಮನೀತಿಗೂ ಸೇರಿದ ಪ್ರಶ್ನೆ. ಪ್ರತಿನಿಧಿಯಾದವನು ತನ್ನ ವಿವೇಚನೆಯನ್ನು ಯಾರಿಗೂ ಒಪ್ಪಿಸಬಾರದೆಂದು 1774ರಲ್ಲಿ ಎಡ್ಮಂಡ್ ಬರ್ಕ್ ಅವರು ಬ್ರಿಸ್ಟಲ್‌ನ ಮತದಾರರಿಗೆ ನೇರವಾಗಿ ಹೇಳಿದರು. 1780ರಲ್ಲಿ ಆ ಕ್ಷೇತ್ರ ಅವರ ಕೈ ಬಿಟ್ಟಿತು. ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಒರೆಗೆ ಹಚ್ಚಲು ಅದೇ ದೇಶದ ಜೆರೆಮಿ ಕಾರ್ಬಿನ್ ಅವರ ಮತದಾನದ ದಾಖಲೆಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

1983ರಲ್ಲಿ ಇಸ್ಲಿಂಗ್‌ಟನ್ ಉತ್ತರ ಕ್ಷೇತ್ರದಿಂದ ಲೇಬರ್ ಪಕ್ಷದ ಸದಸ್ಯರಾಗಿ ಆರಿಸಿಬಂದ ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಂದಿನ ಸಾಲಿನಲ್ಲಿಯೇ ಉಳಿದರು. 1997ರಿಂದ 2010ರವರೆಗೆ ಅವರ ಸ್ವಂತ ಪಕ್ಷವೇ ಆಳುತ್ತಿದ್ದಾಗ, ಪಕ್ಷದ ವಿಪ್ ಮೀರಿ ಅವರು ಹಾಕಿದ ಮತಗಳ ಸಂಖ್ಯೆ 428. ವಿಪ್ ಎಂಬ ಪದ ಬಂದುದೇ ಬೇಟೆನಾಯಿಗಳು ಹಿಂಡಿನಿಂದ ಚದುರದಂತೆ ಚಾವಟಿ ಹಿಡಿದು ಕಾಯುವವನ ಹೆಸರಿನಿಂದ. ಅಂಥ ಚಾವಟಿಗೆ ನಾನೂರು ಬಾರಿ ಬೆನ್ನು ತಿರುಗಿಸಿದವರನ್ನು ಕೆಲವರು ಸತ್ಯವಂತರೆಂದು ಹೊಗಳಿದರು, ಕೆಲವರು ಪಕ್ಷದ್ರೋಹಿಯೆಂದು ಹಳಿದರು. ಎರಡು ಬಗೆಯವರೂ ಎಣಿಕೆಯನ್ನೇ ಪ್ರಮಾಣವಾಗಿ ಹಿಡಿದರೆಂಬುದು ಗಮನಾರ್ಹ.

ಆದರೆ ಎಣಿಕೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. 1997ರ ಸರ್ಕಾರಕ್ಕೆ 179 ಸ್ಥಾನಗಳ ಬಹುಮತವಿತ್ತು. ಸರ್ಕಾರ ಬೀಳದೆಂಬ ಭರವಸೆಯಿದ್ದಾಗ ಒಬ್ಬನ ವಿರೋಧ ಯಾರಿಗೂ ಭಾರವಾಗುವುದಿಲ್ಲ, ವಿರೋಧಿಸಿದವನಿಗೂ ಭಾರವಾಗುವುದಿಲ್ಲ. ಆ ಹದಿಮೂರು ವರ್ಷಗಳಲ್ಲಿ ಪಕ್ಷವು ಅವರನ್ನು ಹೊರಹಾಕಲಿಲ್ಲ. ಆದುದರಿಂದ ಪ್ರತಿಯೊಂದು ಮತದ ಹಿಂದಿನ ವಿಷಯವನ್ನೂ ಸಂದರ್ಭವನ್ನೂ ತೂಗಬೇಕಾಗುತ್ತದೆ. 2003ರ ಮಾರ್ಚ್ 18ರಂದು ಇರಾಕ್ ಯುದ್ಧಕ್ಕೆ ಆಧಾರ ಸಾಲದೆಂಬ ತಿದ್ದುಪಡಿಗೆ ಅವರೂ ಸೇರಿ 139 ಲೇಬರ್ ಸದಸ್ಯರು ಮತವಿತ್ತರು, ತಿದ್ದುಪಡಿ ಸೋತಿತು. ಶಾಂತಿಯ ಮಾರ್ಗಗಳು ಮುಗಿಯುವ ಮೊದಲೇ ಯುದ್ಧಕ್ಕೆ ಇಳಿಯಲಾಯಿತೆಂದು 2016ರಲ್ಲಿ ಚಿಲ್ಕಾಟ್ ವರದಿ ಹೇಳಿತು. 2005ರ ನವೆಂಬರ್‌ನಲ್ಲಿ ಶಂಕಿತರನ್ನು ಆರೋಪ ಹೊರಿಸದೆ 90 ದಿನ ಬಂಧನದಲ್ಲಿಡುವ ಪ್ರಸ್ತಾವ 291ಕ್ಕೆ 322 ಮತಗಳಿಂದ ಬಿದ್ದುಹೋದಾಗ, ಅದನ್ನು ಬೀಳಿಸಿದವು 49 ಲೇಬರ್ ಸದಸ್ಯರ ಮತಗಳು. ಮನುಷ್ಯರ ಪ್ರಾಣ ಮತ್ತು ಸ್ವಾತಂತ್ರ್ಯ ಪಣಕ್ಕಿದ್ದ ಈ ಎರಡು ಮತಗಳು ಉಳಿದ ನಾನೂರಕ್ಕಿಂತ ಹೆಚ್ಚು ತೂಗುತ್ತವೆ.

ನಿಜವಾದ ಪರೀಕ್ಷೆ ಬಂದುದು 2015ರಲ್ಲಿ ಅವರೇ ಪಕ್ಷದ ನಾಯಕರಾದ ಮೇಲೆ. ಆ ವರ್ಷದ ಡಿಸೆಂಬರ್‌ನಲ್ಲಿ ಸಿರಿಯಾದ ಮೇಲಿನ ದಾಳಿಯ ಪ್ರಶ್ನೆ ಬಂದಾಗ ಅವರು ಸದಸ್ಯರಿಗೆ ಸ್ವತಂತ್ರ ಮತವನ್ನು ಕೊಟ್ಟರು. 66 ಮಂದಿ ಅವರಿಗೆ ವಿರುದ್ಧವಾಗಿ ನಡೆದರು. ತಾನು ಬೇಡಿದ್ದ ಸ್ವಾತಂತ್ರ್ಯವನ್ನು ತನಗೆ ನಷ್ಟವಾಗುವಾಗಲೂ ಇತರರಿಗೆ ಕೊಟ್ಟದ್ದು ಮೆಚ್ಚತಕ್ಕ ನಡತೆ. ಆದರೆ 2017ರ ಫೆಬ್ರವರಿಯಲ್ಲಿ ಯೂರೋಪು ಒಕ್ಕೂಟವನ್ನು ತೊರೆಯುವ ಮಸೂದೆಗೆ ಅವರೇ ಮೂರು ಗೆರೆಯ ವಿಪ್ ಹೊರಡಿಸಿದರು. ಎರಡನೆಯ ವಾಚನದಲ್ಲಿ 47 ಸದಸ್ಯರು ಅದನ್ನು ಮೀರಿದರು. ಮುಂದಿನ ಸಾಲಿನ ಕೆಲವರು ಹುದ್ದೆ ಬಿಟ್ಟರು. ಜನಮತಗಣನೆಯ ತೀರ್ಪನ್ನು ಮನ್ನಿಸಬೇಕೆಂಬ ಅವರ ವಾದ ಹುರುಳಿಲ್ಲದ್ದಲ್ಲ. ಹಾಗಿದ್ದರೂ, ಅಂತಃಸಾಕ್ಷಿಯ ಹೆಸರಿನಲ್ಲಿ 428 ಬಾರಿ ಪಡೆದ ರಿಯಾಯಿತಿಯನ್ನು ಆ 47 ಮಂದಿಗೆ ಏಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರವಿಲ್ಲ. ನಿಷ್ಠೆಯನ್ನು ಕೊಡದೆ ಬಂದವರು ಅದನ್ನು ಇತರರಿಂದ ಕೇಳುವಾಗ ಮಾತಿನ ಬಲ ಕುಗ್ಗುತ್ತದೆ. 2016ರ ಜೂನ್‌ನಲ್ಲಿ ಅವರ ಸಹಸದಸ್ಯರು 40ಕ್ಕೆ 172 ಮತಗಳಿಂದ ಅವಿಶ್ವಾಸ ಸೂಚಿಸಿದುದರಲ್ಲಿ ಈ ಹಳೆಯ ಲೆಕ್ಕದ ಪಾಲೂ ಇದ್ದಿರಬೇಕು.

ನಮ್ಮ ದೇಶದ ಸ್ಥಿತಿ ಬೇರೆ. 1985ರ 52ನೆಯ ತಿದ್ದುಪಡಿಯಿಂದ ಬಂದ ಹತ್ತನೆಯ ಅನುಸೂಚಿಯ ಪ್ರಕಾರ, ವಿಪ್ ಮೀರಿ ಮತ ಹಾಕಿದವನನ್ನು ಪಕ್ಷವು 15 ದಿನಗಳೊಳಗೆ ಮನ್ನಿಸದಿದ್ದರೆ ಅವನ ಸದಸ್ಯತ್ವಕ್ಕೇ ಕುತ್ತು. ಮತದ ಮಾರಾಟವನ್ನು ತಡೆಯಲು ಹುಟ್ಟಿದ ಕಟ್ಟಳೆ ಇದು. ಅದರ ಉದ್ದೇಶ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲಂಚಕ್ಕೆ ಮತ ಮಾರಿದವನಿಗೂ, ಮನಸ್ಸೊಪ್ಪದೆ ವಿರೋಧಿಸಿದವನಿಗೂ ಅದು ಒಂದೇ ಶಿಕ್ಷೆ ವಿಧಿಸುತ್ತದೆ. ಕಾರ್ಬಿನ್ ಅವರಂಥ ಸದಸ್ಯರು ಇಲ್ಲಿ ಮೊದಲ ಮತದಲ್ಲಿಯೇ ಸ್ಥಾನ ಕಳೆದುಕೊಳ್ಳಬಹುದಾಗಿತ್ತು. ವಿಮರ್ಶಿಸಲು ಒಂದು ದಾಖಲೆಯೇ ಉಳಿಯುತ್ತಿರಲಿಲ್ಲ.

ಹಾಗಾದರೆ ಜನಪ್ರತಿನಿಧಿಯನ್ನು ಅಳೆಯುವುದು ಹೇಗೆ? ಅವನು ಎಷ್ಟು ಸಲ ಪಕ್ಷವನ್ನು ಮೀರಿದನೆಂಬುದಕ್ಕಿಂತ, ಏತಕ್ಕಾಗಿ ಮೀರಿದನು, ಅದಕ್ಕೆ ಏನು ಬೆಲೆ ತೆರಲು ಸಿದ್ಧನಿದ್ದನು, ತನ್ನನ್ನು ಮೀರಿದವರನ್ನು ಹೇಗೆ ನಡೆಸಿಕೊಂಡನು ಎಂಬ ಮೂರನ್ನು ನೋಡಬೇಕು. ಮೊದಲನೆಯದರಲ್ಲಿ ಕಾರ್ಬಿನ್ ಅವರು ಬಹಳ ಸಲ ಗೆದ್ದರು. ಎರಡನೆಯದರಲ್ಲಿ ಅವರಿಗೆ ಪರೀಕ್ಷೆಯೇ ಅಪರೂಪವಾಗಿತ್ತು. ಮೂರನೆಯದರಲ್ಲಿ ಒಮ್ಮೆ ಗೆದ್ದರು, ಒಮ್ಮೆ ಸೋತರು. ನಮ್ಮ ಬಾಗಿಲಿಗೆ ಮತ ಕೇಳಲು ಬರುವವರನ್ನು ಅಳೆಯುವುದಕ್ಕೂ ಈ ತಕ್ಕಡಿ ಸಾಕು.